ಹಾಸನದಿಂದ ಬರಬೇಕಿದ್ದ ಮದ್ದು

“ಇಲ್ಲಿ ಸಂಹಿತಾ ಅಂದ್ರೆ ಯಾರು?”

ಪ್ರಯೋಗಾಲಯದ ಬಾಗಿಲಲ್ಲಿ ನಿಂತವನ ದನಿ ಕೇಳಿ ಅವಳ ಕೈ ಅಲ್ಲೇ ನಿಂತಿತು. ಅವನ ಅಂಗಿಯ ತುಂಬ ಧೂಳು, ಕಂಕುಳಲ್ಲಿ ಹೆಲ್ಮೆಟ್. ಮೂವತ್ತರ ಒಳಗಿನ ವಯಸ್ಸು. ಸಿಟ್ಟನ್ನು ದಾರಿಯುದ್ದಕ್ಕೂ ಅದುಮಿಟ್ಟುಕೊಂಡು ಬಂದವನ ಹಾಗೆ ಕಾಣುತ್ತಿದ್ದ.

“ನಾನೇ. ನೀವು?”

“ಸಿದ್ದರಾಜು ಅಂತ. ಹೊಳೆನರಸೀಪುರ ತಾಲ್ಲೂಕಿನ ಟಿ.ಬಿ. ಸೂಪರ್‌ವೈಸರ್. ಹಳ್ಳಿಮೈಸೂರು ಹತ್ರದ ಊರಿನ ದೊಡ್ಡಬೀರಯ್ಯ ಅಂತ ಒಬ್ರು ವಯಸ್ಸಾದೋರು... ನೆನಪಿದಾರಾ ನಿಮ್ಗೆ?”

ನೆನಪಿತ್ತು.

ಅದು ೨೦೦೪ರ ಜುಲೈ. ಸಂಹಿತಾ ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಎಂ.ಫಾರ್ಮಾ ಓದುತ್ತಿದ್ದಳು. ಕ್ಷಯರೋಗದ ಔಷಧವನ್ನು ನ್ಯಾನೋಕಣಗಳೊಳಗೆ ತುಂಬಿ, ದೇಹದಲ್ಲಿ ಅದು ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವುದು ಅವಳ ಸಂಶೋಧನೆ. “ರೋಗಿಗಳು ಮಾತ್ರೆಯನ್ನ ಅರ್ಧಕ್ಕೆ ಯಾಕೆ ಬಿಡ್ತಾರೆ ಅಂತ ಒಂದ್ಸಲ ಕಣ್ಣಾರೆ ನೋಡ್ಕೊಂಡು ಬಾ” ಎಂದು ಗೈಡ್ ಗೌರೀಶಂಕರ ಸರ್ ಹೋದ ತಿಂಗಳು ಅವಳನ್ನು ಕಳಿಸಿದ್ದರು. ಹೊಳೆನರಸೀಪುರ ಅವಳ ಸ್ವಂತ ಊರು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದ ದೊಡ್ಡಬೀರಯ್ಯ, ಒಂದೇ ಸಲಕ್ಕೆ ಏಳು ಮಾತ್ರೆ ನುಂಗುವ ಸಂಕಟ ಹೇಳಿಕೊಂಡಿದ್ದ. ಹೊಟ್ಟೆ ತೊಳಸುತ್ತದೆ, ಉಚ್ಚೆ ಕೆಂಪಗೆ ಹೋಗುತ್ತದೆ, ಮುದ್ದೆಯ ಮೇಲೆ ಆಸೆಯೇ ಹೋಗಿದೆ...

ಅವಳಿಗೆ ಪಾಪ ಅನ್ನಿಸಿತ್ತು. “ಇನ್ನು ಸ್ವಲ್ಪ ಕಾಲ ಅಜ್ಜ. ಹತ್ತು ದಿನಕ್ಕೆ ಒಂದೇ ಸಲ ತಗೊಳ್ಳೋ ಮದ್ದು ಬರುತ್ತೆ. ಹಾಸನದಲ್ಲಿ ನಾವು ಅದನ್ನೇ ಮಾಡ್ತಿದೀವಿ. ಆಮೇಲೆ ಪದೇ ಪದೇ ಮಾತ್ರೆ ನುಂಗೋ ಕಷ್ಟ ಇರಲ್ಲ” ಎಂದಿದ್ದಳು.

“ನೆನಪಿದೆ. ಅಜ್ಜ ಹೇಗಿದಾರೆ?”

“ಮಾತ್ರೆ ಬಿಟ್ಟು ಹದಿನಾರು ದಿನ ಆಯ್ತು ಮೇಡಂ. ‘ಹಾಸನದ ಅವ್ವ ಮದ್ದು ತತ್ತಾಳೆ, ಅಲ್ಲೀಗಂಟ ಕಾಯ್ತೀನಿ’ ಅಂತ ಕುಂತವ್ರೆ.”

ಸಂಹಿತಾ ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಮೇಜಿನ ಮೇಲಿಟ್ಟಳು.

“ಎಲ್ಲಿದೆ ಆ ಮದ್ದು? ತೋರ್ಸಿ ನೋಡಾಣ.”

ಅವಳು ಫ್ರಿಜ್ ತೆರೆದು ಒಂದು ಪುಟ್ಟ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ತಳದಲ್ಲಿ ಒಂದು ಚಿಟಿಕೆಯಷ್ಟು ಇಟ್ಟಿಗೆ ಬಣ್ಣದ ಪುಡಿ.

“ಇಷ್ಟೇನಾ?”

“ಇಷ್ಟೇ. ಇದೂ ಇಲಿಗಳಿಗೆ ಕೊಟ್ಟು ನೋಡೋಕೆ. ಮನುಷ್ಯರಿಗೆ ಕೊಡೋ ಹಾಗಿಲ್ಲ. ಇನ್ನೂ ಎಷ್ಟು ವರ್ಷ ಆಗುತ್ತೋ... ನನಗೂ ಗೊತ್ತಿಲ್ಲ.”

ಅವನು ಸೀಸೆಯನ್ನು ಎತ್ತಿ ನೋಡಿ ಮತ್ತೆ ಇಟ್ಟ. ಅವನ ಸಿಟ್ಟು ಅಷ್ಟರಲ್ಲಿ ಅರ್ಧ ಇಳಿದಿತ್ತು. ಉಳಿದದ್ದು ದಣಿವು.

“ಈ ಮಾತನ್ನೇ ಬಂದು ಆ ಅಜ್ಜಂಗೆ ಹೇಳಿ. ನನ್ ಮಾತು ಅವ್ರು ಕೇಳಲ್ಲ. ನಿಮ್ ಮಾತು ಕೇಳಿ ಕೆಟ್ರು... ನಿಮ್ ಮಾತು ಕೇಳೇ ಸರಿ ಹೋಗ್ಲಿ.”

‘ಒಳ್ಳೇದಾಗ್ಲಿ ಅಂತ ಆಡಿದ ಮಾತು...’ ಎಂದುಕೊಂಡಳು ಸಂಹಿತಾ. ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಳ್ಳೆಯದಂತೂ ಆಗಿರಲಿಲ್ಲ.

“ಶನಿವಾರ ಬರ್ತೀನಿ” ಎಂದಳು.

* * *

ಶನಿವಾರ ಅವಳು ಬಸ್ಸಿನಿಂದ ಇಳಿಯುವ ಹೊತ್ತಿಗೆ ಸಿದ್ದರಾಜು ಹಳ್ಳಿಮೈಸೂರಿನ ಬಸ್‌ಸ್ಟಾಪಿನಲ್ಲಿ ಇಲಾಖೆಯ ಬೈಕಿನ ಜೊತೆ ಕಾಯುತ್ತಿದ್ದ. ಅಲ್ಲಿಂದ ಊರಿಗೆ ಎರಡು ಮೈಲಿ.

ದೊಡ್ಡಬೀರಯ್ಯ ಹಟ್ಟಿಯ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಅವಳನ್ನು ಕಂಡದ್ದೇ ಮುಖ ಅರಳಿತು.

“ಬಂದ್ಯಾ ಅವ್ವ? ಕಿಷ್ಣಿ, ನೋಡಿಲ್ಲಿ, ನಾ ಯೋಳ್ನಿಲ್ವಾ? ತಂದವ್ಳೆ.”

ಅವನ ಹೆಂಡತಿ ಕೃಷ್ಣಮ್ಮ ಒಳಗಿಂದ ಚಾಪೆ ತಂದು ಹಾಸಿದಳು. ಸಂಹಿತಾ ಚಾಪೆಯ ತುದಿಯಲ್ಲಿ ಕೂತಳು. ಇಷ್ಟು ದೂರ ಬರುತ್ತ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಅಜ್ಜ, ನಾನು ಏನೂ ತಂದಿಲ್ಲ.”

“ಮುಂದಿನ ವಾರ ತತ್ತೀಯಾ?”

“ಇಲ್ಲ ಅಜ್ಜ. ಆ ಮದ್ದು ಇನ್ನೂ ಆಗಿಲ್ಲ. ಇಲಿಗಳಿಗೆ ಕೊಟ್ಟು ನೋಡ್ತಿದೀನಿ, ಅಷ್ಟೇ. ಮನುಷ್ಯರಿಗೆ ಬರೋಕೆ ಹತ್ತು ವರ್ಷ ಆಗ್ಬೋದು. ಬರದೇನೂ ಇರ್ಬೋದು. ಅವತ್ತು ನಾನು ಹಾಗೆ ಹೇಳಬಾರದಿತ್ತು. ತಪ್ಪಾಯ್ತು.”

ದೊಡ್ಡಬೀರಯ್ಯ ಕೈಯಲ್ಲಿದ್ದ ಸೊಪ್ಪನ್ನು ಕುರಿಗಳ ಮುಂದೆ ಹಾಕಿದ. ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಟವೆಲಿನಲ್ಲಿ ಬಾಯಿ ಒರೆಸಿಕೊಂಡ.

“ಹತ್ತು ವರ್ಷ ನಾ ಎಲ್ಲಿರ್ತೀನಿ ಕಣವ್ವ?”

“ಈ ಮಾತ್ರೆ ನುಂಗಿದ್ರೆ ಇರ್ತೀರ.”

“ಆರು ತಿಂಗ್ಳು ಇವ್ನು ನನ್ ಬಾಯ್ನೇ ನೋಡ್ತಾ ನಿಂತ್ಕತಾನೆ. ಮಾನ ಓದಂಗಾಯ್ತದೆ.”

ಸಿದ್ದರಾಜು ತಲೆ ತಗ್ಗಿಸಿದ. ಕೃಷ್ಣಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

“ಅಂಗಾರೆ ಒಂದ್ ಕೆಲ್ಸ ಮಾಡವ್ವ” ಎಂದ ದೊಡ್ಡಬೀರಯ್ಯ. “ಆಸೆ ಅಚ್ಚಿದೋಳು ನೀನು. ನೀನೇ ಬಂದು ನುಂಗ್ಸು. ನುಂಗ್ತೀನಿ.”

ಹಾಗಾಗಿ ಒಂದು ಒಪ್ಪಂದವಾಯಿತು. ವಾರಕ್ಕೆ ಮೂರು ಸಲ ಮಾತ್ರೆ. ಮಂಗಳವಾರ, ಗುರುವಾರ ಅಂಗನವಾಡಿಯ ಬಸವಲಿಂಗಮ್ಮ ಟೀಚರ್ ನುಂಗಿಸಬೇಕು. ಶನಿವಾರ ಸಂಹಿತಾ. ಊರಿಗೆ ಹೋಗಲು ಹೇಗೂ ಅವಳು ಪ್ರತಿ ಶನಿವಾರ ಹಾಸನದಿಂದ ಬಸ್ಸು ಹತ್ತುತ್ತಿದ್ದಳು. ಹೊಳೆನರಸೀಪುರದಲ್ಲಿ ಇಳಿಯುವ ಬದಲು ಇನ್ನಷ್ಟು ಮುಂದೆ ಹೋಗಬೇಕು, ಅಷ್ಟೇ.

ಆ ದಿನವೇ ಏಳು ಮಾತ್ರೆಗಳೂ ಅವಳ ಕಣ್ಣೆದುರಿಗೇ ಇಳಿದವು. ಕೊನೆಯದು ಗಂಟಲಲ್ಲಿ ಸಿಕ್ಕಿ ಅಜ್ಜನ ಕಣ್ಣಲ್ಲಿ ನೀರು ಬಂತು. ಅವಳು ನೀರಿನ ಚೊಂಬನ್ನು ಹಿಡಿದು ಕೂತೇ ಇದ್ದಳು.

* * *

ಸಿದ್ದರಾಜು ಪ್ರತಿ ಶನಿವಾರ ಬಸ್‌ಸ್ಟಾಪಿಗೆ ಬರುತ್ತಿದ್ದ. ಬರಲೇಬೇಕೆಂದೇನೂ ಇರಲಿಲ್ಲ. ಎರಡು ಮೈಲಿ ಅವಳು ನಡೆಯಬಹುದಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

“ಆ ಪುಡಿ ಒಳಗೋಗಿ ಏನ್ ಮಾಡುತ್ತೆ ಮೇಡಂ?” ಎಂದು ಒಂದು ದಿನ ಕೇಳಿದ.

“ಮಾತ್ರೆ ನುಂಗಿದ್ರೆ ಔಷಧ ಒಟ್ಟಿಗೇ ರಕ್ತಕ್ಕೆ ಬರುತ್ತೆ. ಒಂದು ದಿನದಲ್ಲಿ ಖಾಲಿ. ಅದನ್ನೇ ನಿಧಾನವಾಗಿ ಕರಗೋ ಒಂದು ಪದಾರ್ಥದಲ್ಲಿ ಸುತ್ತಿ ಕಣ ಮಾಡಿದ್ರೆ, ಅದು ಕರಗಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಔಷಧ ಬಿಡುತ್ತೆ. ಒಂದು ಕೂದಲೆಳೆಯ ಅಗಲದಲ್ಲಿ ಅಂಥ ಮುನ್ನೂರು ಕಣ ಸಾಲಾಗಿ ಕೂರ್ತವೆ.”

“ಅಷ್ಟು ಸಣ್ಣದು ಯಾಕೆ?”

“ಟಿ.ಬಿ. ಕ್ರಿಮಿ ನಮ್ಮ ದೇಹದ ಕೆಲವು ಜೀವಕೋಶಗಳ ಒಳಗೇ ಅಡಗಿ ಕೂತಿರುತ್ತೆ. ಆ ಜೀವಕೋಶಗಳು ಇಂಥ ಸಣ್ಣ ಕಣಗಳನ್ನ ತಾವಾಗೇ ನುಂಗ್ತವೆ. ಕ್ರಿಮಿ ಇರೋ ಮನೆಗೇ ಔಷಧ ಹೋದ ಹಾಗೆ.”

ಸಿದ್ದರಾಜು ನಕ್ಕ. ಅವನು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ಮನೆ ಬಾಗ್ಲಿಗೇ ಮದ್ದು ತಗೊಂಡೋಗೋದು ನನ್ ಕೆಲ್ಸ ಮೇಡಂ. ಆ ಕಣ ಬಂದ್ರೆ ನನ್ನ ಕೆಲ್ಸ ಹೋಯ್ತು.”

“ಹೋದ್ರೆ ಬೇಜಾರಾ?”

“ಇಲ್ಲ. ಹೋಗ್ಲಿ ಅಂತ್ಲೇ ಆಸೆ.”

ಆ ಉತ್ತರ ಅವಳ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ಇನ್ನೊಂದು ಶನಿವಾರ ಮಳೆ ಬಂದು ಇಬ್ಬರೂ ಅಂಗನವಾಡಿಯ ಸೂರಿನ ಕೆಳಗೆ ನಿಂತಿದ್ದಾಗ ಅವನು ಗಂಗಾಂಬಿಕೆಯ ವಿಷಯ ಹೇಳಿದ. ಹತ್ತೊಂಬತ್ತು ವರ್ಷದ ಹುಡುಗಿ. ಅವನು ಕೆಲಸಕ್ಕೆ ಸೇರಿದ ಹೊಸತು. ಅವಳು ಮಾತ್ರೆ ನಿಲ್ಲಿಸಿದಳೆಂದು ಸುದ್ದಿ ಬಂದ ವಾರವೇ ಅವನ ಅಕ್ಕನ ಮದುವೆ. ಬಂದ ಮೇಲೆ ಹೋದರಾಯಿತು ಅಂದುಕೊಂಡ. ಹೋಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಹುಡುಗಿ ರಕ್ತ ಕಾರುತ್ತಿದ್ದಳು.

“ಉಳೀಲಿಲ್ಲ” ಎಂದ. “ಅದಕ್ಕೇ ಅವತ್ತು ನಿಮ್ಮ ಲ್ಯಾಬಿಗೆ ಬಂದು ಹಂಗೆ ಮಾತಾಡ್ದೆ. ಸಿಟ್ಟು ನಿಮ್ಮೇಲೆ ಅಷ್ಟೇ ಅಲ್ಲ...”

ಮಳೆ ನಿಂತ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

‘ಇವರನ್ನ ನೋಡೋಕೆ ನಾನು ವಾರವಿಡೀ ಕಾಯ್ತಿದೀನಿ...’ ಹಾಸ್ಟೆಲ್ಲಿನಲ್ಲಿ ಬಟ್ಟೆ ಒಗೆಯುತ್ತ ಒಂದು ಬೆಳಿಗ್ಗೆ ಸಂಹಿತಾಳಿಗೆ ಅದು ಥಟ್ಟನೆ ಹೊಳೆಯಿತು. ಹೊಳೆದ ಮೇಲೆ ಭಯವಾಯಿತು. ಅಪ್ಪ ಚನ್ನಕೇಶವಯ್ಯ ನಿವೃತ್ತ ಸಂಸ್ಕೃತ ಮೇಷ್ಟ್ರು, ದೇವಸ್ಥಾನದ ಬೀದಿಯ ಮನೆ. ಸಿದ್ದರಾಜು ಅರಕಲಗೂಡು ಕಡೆಯ ಒಕ್ಕಲು ಮನೆತನದವನು. ಗುತ್ತಿಗೆ ಕೆಲಸ. ಅವಳು ಒದ್ದೆ ದುಪ್ಪಟ್ಟಾ ಹಿಂಡುತ್ತ ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದಳು.

* * *

ಸೆಪ್ಟೆಂಬರಿನ ಒಂದು ಸೋಮವಾರ ಸ್ಥಳೀಯ ಪತ್ರಿಕೆಯಲ್ಲಿ ಅವಳ ಫೋಟೋ ಬಂತು.

‘ಕ್ಷಯಕ್ಕೆ ಹತ್ತು ದಿನಕ್ಕೊಂದೇ ಔಷಧ: ಹಾಸನದ ವಿದ್ಯಾರ್ಥಿನಿಯ ಸಾಧನೆ.’ ಕೆಳಗೆ, ‘ಇನ್ನು ಪದೇ ಪದೇ ಮಾತ್ರೆ ನುಂಗುವ ಕಷ್ಟ ಇರದು ಎಂದು ಸಂಹಿತಾ ತಿಳಿಸಿದರು’ ಎಂದಿತ್ತು.

ಅವಳು ಯಾವ ವರದಿಗಾರನ ಜೊತೆಯೂ ಮಾತಾಡಿರಲಿಲ್ಲ. ಪತ್ರಿಕೆ ಹಿಡಿದು ಗೌರೀಶಂಕರ ಸರ್ ಕೋಣೆಗೆ ಓಡಿದಳು.

“ನಾನೇ ಹೇಳಿದ್ದು” ಎಂದರು ಅವರು. “ಜೂನಿನ ಸೆಮಿನಾರಿನಲ್ಲಿ ನೀನು ಹೇಳಿದ ಮಾತೇ ಅಲ್ವಾ? ಎಂಟು ದಿನ ಇಲಿಯ ರಕ್ತದಲ್ಲಿ ಔಷಧ ಉಳಿದಿದೆ. ಹತ್ತು ಆಗೋಕೆ ಎಷ್ಟು ಹೊತ್ತು? ಕಾಲೇಜಿಗೂ ಹೆಸರು ಬರುತ್ತೆ.”

ಅವರು ಕೆಟ್ಟ ಮನುಷ್ಯರಲ್ಲ. ಹತ್ತು ವರ್ಷದಿಂದ ಒಂದು ಒಳ್ಳೆಯ ಯಂತ್ರಕ್ಕಾಗಿ ಅರ್ಜಿ ಹಾಕುತ್ತ ಬಂದವರು. ಸಂಹಿತಾ ಪತ್ರಿಕೆ ಮಡಚಿಕೊಂಡು ಹೊರಗೆ ಬಂದಳು.

ಗುರುವಾರ ಇನ್ನೊಂದು ಪೆಟ್ಟು ಬಿತ್ತು. ಎಂಟು ದಿನದ ಫಲಿತಾಂಶವನ್ನು ಮತ್ತೊಮ್ಮೆ ಖಚಿತ ಮಾಡಿಕೊಳ್ಳೋಣವೆಂದು, ಔಷಧವನ್ನೇ ಕೊಡದ ಇಲಿಯ ರಕ್ತವನ್ನು ಔಷಧದ ಪ್ರಮಾಣ ಅಳೆಯುವ ಯಂತ್ರಕ್ಕೆ ಹಾಕಿದಳು. ಏನೂ ಕಾಣಬಾರದಿತ್ತು. ಆದರೆ ಪರದೆಯ ಮೇಲೆ ಔಷಧದ ಗೆರೆ ಮೆಲ್ಲಗೆ ಮೇಲೆದ್ದಿತು.

ಯಂತ್ರದ ಕೊಳವೆಯಲ್ಲಿ ಹಳೆಯ ಔಷಧ ಅಂಟಿಕೊಂಡಿತ್ತು. ಅವಳು ಪ್ರತಿ ಸಲವೂ ಅದನ್ನು ಪೂರ್ತಿ ತೊಳೆಯಬೇಕಿತ್ತು. ತೊಳೆದಿದ್ದೇನೆ ಅಂದುಕೊಂಡಿದ್ದಳು. ಈಗ ನಿಜವಾಗಿ ತೊಳೆದು, ಉಳಿಸಿಟ್ಟಿದ್ದ ಮಾದರಿಗಳನ್ನೆಲ್ಲ ಮತ್ತೆ ಹಾಕಿದಳು. ಒಂದನೇ ದಿನ ಔಷಧ ಇತ್ತು. ಎರಡನೇ ದಿನ, ಮೂರನೇ ದಿನ ಇತ್ತು. ನಾಲ್ಕನೇ ದಿನ ಏನೂ ಇರಲಿಲ್ಲ.

ಎಂಟಲ್ಲ. ಮೂರು.

ಶನಿವಾರ ಬಸ್ಸಿನಿಂದ ಇಳಿದಾಗ ಸಿದ್ದರಾಜು ಬೈಕಿನ ಮೇಲೆ ಕೂತಿರಲಿಲ್ಲ. ಕೈಯಲ್ಲಿ ಮಡಚಿದ ಪತ್ರಿಕೆ ಹಿಡಿದು ನಿಂತಿದ್ದ.

“ಏಳು ಜನ ನಿಲ್ಸವ್ರೆ ಮೇಡಂ. ಐದು ದಿನದಲ್ಲಿ ಏಳು ಜನ. ಹಾಸನದ ಮದ್ದು ಬಂದ ಮೇಲೆ ತಗೋತೀವಿ ಅಂತವ್ರೆ.”

ಅವನು ಪತ್ರಿಕೆ ಬಿಚ್ಚಿ ಅವಳ ಮುಂದೆ ಹಿಡಿದ.

“ಈ ಮಾತು ನೀವಾಡಿದ್ದಾ? ಅಷ್ಟು ಹೇಳಿ ಸಾಕು.”

ಇಲ್ಲ ಅಂದುಬಿಡಬಹುದಿತ್ತು. ಪತ್ರಿಕೆಯವರ ಜೊತೆ ಅವಳು ಮಾತಾಡಿರಲಿಲ್ಲ, ಅದು ಸತ್ಯ. ಆದರೆ ಆ ವಾಕ್ಯ ಅವಳದೇ. ಆಸ್ಪತ್ರೆ ಕಟ್ಟೆಯ ಮೇಲೆ, ಸೆಮಿನಾರಿನಲ್ಲಿ, ತನ್ನದೇ ಬಾಯಿಂದ ಬಂದದ್ದು. ಈಗ ಸರ್ ಹೆಸರು ಹೇಳಿ ತಾನು ತಪ್ಪಿಸಿಕೊಳ್ಳುವುದೇ?

“ಮಾತು ನಂದೇ” ಎಂದಳು.

ಅವನ ಮುಖದಲ್ಲಿ ಏನೋ ಆರಿಹೋಯಿತು.

“ಅಜ್ಜನ ಮುಂದೆ ಕುಂತು ತಪ್ಪಾಯ್ತು ಅಂದಿದ್ರಿ. ನಾನು ನಂಬ್ದೆ.”

“ಆ ಏಳು ಜನರ ಮನೆ ತೋರಿಸಿ. ನಾನು ಹೋಗಿ ಹೇಳ್ತೀನಿ.”

“ಪೇಶೆಂಟ್ ಹೆಸರು ಹೊರಗಿನವ್ರಿಗೆ ಕೊಡೋ ಹಂಗಿಲ್ಲ.”

ಹೊರಗಿನವರು... ಆ ಒಂದು ಮಾತಿಗೆ ಅವಳ ಕಣ್ಣು ತುಂಬಿತು. ಅವನು ನೋಡಲಿಲ್ಲ. ಆಗಲೇ ಬೈಕ್ ತಿರುಗಿಸಿದ್ದ.

ಅವತ್ತು ಅವಳು ಎರಡು ಮೈಲಿ ನಡೆದೇ ಹೋದಳು. ದೊಡ್ಡಬೀರಯ್ಯ ಏಳು ಮಾತ್ರೆ ನುಂಗಿ, ಅವಳ ಮುಖ ನೋಡಿ, “ಏನಾಯ್ತವ್ವ?” ಎಂದ. “ಏನಿಲ್ಲ ಅಜ್ಜ, ಬಿಸಿಲು” ಎಂದಳು.

* * *

ಭಾನುವಾರ ಅಪ್ಪನ ಮೇಜಿನ ಮುಂದೆ ಕೂತು ಸಂಹಿತಾ ಪತ್ರಿಕೆಗೆ ಒಂದು ಕಾಗದ ಬರೆದಳು. ನಾಲ್ಕು ಸಲ ಹರಿದು ಐದನೇ ಸಲ ಮುಗಿಸಿದಳು.

‘ಹತ್ತು ದಿನಕ್ಕೊಮ್ಮೆ ತೆಗೆದುಕೊಳ್ಳುವ ಕ್ಷಯದ ಔಷಧ ನಮ್ಮಲ್ಲಿ ಇಲ್ಲ. ನನ್ನ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಔಷಧ ಎಂಟು ದಿನ ಉಳಿಯಿತೆಂದು ನಾನು ಲೆಕ್ಕ ಮಾಡಿದ್ದು ತಪ್ಪು. ಉಳಿದದ್ದು ಮೂರು ದಿನ. ಯಂತ್ರವನ್ನು ಸರಿಯಾಗಿ ತೊಳೆಯದೆ ಇದ್ದದ್ದು ನನ್ನ ತಪ್ಪು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಗಳನ್ನು ದಯವಿಟ್ಟು ನಿಲ್ಲಿಸಬೇಡಿ. ಅವು ರೋಗವನ್ನು ವಾಸಿ ಮಾಡುತ್ತವೆ.’

ಸೋಮವಾರ ಅದನ್ನು ಗೌರೀಶಂಕರ ಸರ್ ಮುಂದೆ ಇಟ್ಟಳು. ಅವರು ಎರಡು ಸಲ ಓದಿದರು.

“ಇದು ಹೋದ್ರೆ ನಿನ್ನ ಥೀಸಿಸ್ ಈ ವರ್ಷ ಮುಗಿಯಲ್ಲ. ಎಲ್ಲ ಮತ್ತೆ ಮಾಡ್ಬೇಕು. ಮಣಿಪಾಲದ ಸಮ್ಮೇಳನಕ್ಕೆ ಕಳಿಸಿರೋ ಪ್ರಬಂಧ ವಾಪಸ್ ತಗೋಬೇಕು. ಗೊತ್ತಾ?”

“ಗೊತ್ತು ಸರ್.”

“ಪತ್ರಿಕೆಗೆ ಯಾಕೆ? ಸದ್ದಿಲ್ಲದೆ ತಿದ್ದಿಕೊಳ್ಳಬಹುದಲ್ಲ.”

“ಏಳು ಜನ ಮಾತ್ರೆ ನಿಲ್ಲಿಸಿದಾರೆ ಸರ್. ಅವರ ಮನೆ ನನಗೆ ಗೊತ್ತಿಲ್ಲ. ಅವರಿಗೆ ಸುದ್ದಿ ಹೋಗಿದ್ದು ಪತ್ರಿಕೆಯಿಂದ. ಇದೂ ಅಲ್ಲಿಂದಲೇ ಹೋಗಬೇಕು.”

ಗೌರೀಶಂಕರ ಸರ್ ಕಾಗದವನ್ನು ಮೂರನೇ ಸಲ ಓದಿದರು. ಆಮೇಲೆ ಪೆನ್ನು ತೆಗೆದು, ‘ನನ್ನ ತಪ್ಪು’ ಎಂದಿದ್ದನ್ನು ಹೊಡೆದು ‘ನಮ್ಮ ತಪ್ಪು’ ಎಂದು ಬರೆದು, ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಬುಧವಾರ ನಾಲ್ಕನೇ ಪುಟದಲ್ಲಿ ಕಾಗದ ಅಚ್ಚಾಯಿತು. ಫೋಟೋ ಇರಲಿಲ್ಲ.

ಸಂಹಿತಾ ಮತ್ತೆ ಮೊದಲಿಂದ ಕಣಗಳನ್ನು ಮಾಡತೊಡಗಿದಳು. ಶನಿವಾರ ತಪ್ಪದೆ ಹಳ್ಳಿಗೆ ಹೋದಳು. ಬಸ್‌ಸ್ಟಾಪಿನಲ್ಲಿ ಯಾರೂ ಇರುತ್ತಿರಲಿಲ್ಲ. ಅಕ್ಟೋಬರ್ ಕಳೆಯಿತು.

‘ಕಾಗದ ಓದಿರ್ತಾರಾ? ಓದಿದ್ರೂ ಬರಲಿಲ್ಲ ಅಂದ್ರೆ...’ ಅಲ್ಲಿಂದ ಮುಂದೆ ಅವಳು ಯೋಚಿಸುತ್ತಿರಲಿಲ್ಲ. ನಡೆಯುತ್ತಿದ್ದಳು.

“ಆ ಮಾತ್ರೆ ಅಯ್ದ ಶನಿವಾರ ಈ ಕಡೆ ಬರಾದೇ ಬುಟ್ಟವ್ನೆ” ಎಂದು ದೊಡ್ಡಬೀರಯ್ಯ ಒಂದು ದಿನ ಹೇಳಿದ. ಅವನ ಕೆಮ್ಮು ನಿಂತಿತ್ತು, ಕೆನ್ನೆ ತುಂಬಿಕೊಳ್ಳುತ್ತಿತ್ತು. “ಮಂಗ್ಳವಾರ ಬತ್ತಾನೆ. ನೀ ಇಲ್ದಾಗ. ‘ಅವ್ರು ಬಂದಿದ್ರಾ? ನಡ್ಕೊಂಡೇ ಬಂದ್ರಾ?’ ಅಂತ ಕೇಳ್ತಾನೆ. ನಂಗ್ಯಾಕೆ ಕೇಳ್ತೀಯ, ಅವ್ಳನ್ನೇ ಕೇಳ್ಲಾ ಅಂದೆ. ತಲೆ ತಗ್ಗಿಸ್ಕಂಡು ವೋದ.”

ಸಂಹಿತಾ ಖಾಲಿ ಮಾತ್ರೆ ಹಾಳೆಯನ್ನು ಮಡಚುತ್ತಾ ಕೂತಳು. ಮಡಚಿದ್ದನ್ನೇ ಮತ್ತೆ ಮತ್ತೆ ಮಡಚುತ್ತಿದ್ದದ್ದನ್ನು ಕೃಷ್ಣಮ್ಮ ನೋಡಿದಳು, ನೋಡದವಳ ಹಾಗೆ ಒಳಗೆ ಹೋದಳು.

* * *

ನವೆಂಬರ್ ಎರಡನೇ ಶನಿವಾರ ಬಸ್ಸು ನಿಂತಾಗ ಬೈಕ್ ಅಲ್ಲಿತ್ತು.

ಸಿದ್ದರಾಜು ಸೊರಗಿದ್ದ. ನಮಸ್ಕಾರ ಅನ್ನಲು ಹೋಗಿ, ಅದೂ ಸರಿಯಿಲ್ಲವೆನ್ನಿಸಿ, ಹೆಲ್ಮೆಟ್ ತೆಗೆದು ಕಂಕುಳಿಗೆ ಸೇರಿಸಿದ.

“ನಿಮ್ಮ ಕಾಗದಾನ ಝೆರಾಕ್ಸ್ ಮಾಡ್ಸಿ ಏಳು ಮನೆಗೂ ತಗೊಂಡೋದೆ. ಆರು ಜನ ಮತ್ತೆ ಶುರು ಮಾಡಿದ್ರು. ಒಬ್ಬ ಮಾತ್ರ ಊರಲ್ಲೇ ಇಲ್ಲ. ರಂಗಸ್ವಾಮಿ ಅಂತ. ಮೊನ್ನೆ ತಿಳೀತು, ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲೀತಾವ್ನಂತೆ. ನಾನು ಹೋದ್ರೆ ಓಡೋಗ್ತಾನೆ. ನೀವು ಬಂದ್ರೆ... ಡಾಕ್ಟ್ರ ಹತ್ರ ಪರ್ಮಿಷನ್ ತಗೊಂಡೇ ಕೇಳ್ತಿದೀನಿ.”

“ಅಜ್ಜನ ಮಾತ್ರೆ ಆಗ್ಲಿ. ಆಮೇಲೆ ಹೋಗೋಣ” ಎಂದಳು ಸಂಹಿತಾ.

ಮಂಡಿ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ರಂಗಸ್ವಾಮಿ ಸುಲಿದ ಕಾಯಿಯ ರಾಶಿಯ ಪಕ್ಕ ಕೂತು ಕೆಮ್ಮುತ್ತಿದ್ದ. ಎಲುಬಿನ ಮೇಲೆ ಅಂಗಿ ಹಾಕಿದ ಹಾಗಿದ್ದ. ಸಿದ್ದರಾಜುವನ್ನು ಕಂಡದ್ದೇ ಏಳಲು ಹೋದ.

“ಕೂತ್ಕೊಳ್ಳಿ ಅಣ್ಣ” ಎಂದಳು ಸಂಹಿತಾ. “ನಾನು ನಿಮ್ಮ ಹತ್ರ ಮಾತಾಡೋಕೆ ಬಂದಿದೀನಿ.”

“ನಾ ಯಾವ ಮಾತ್ರೇನೂ ನುಂಗಕಿಲ್ಲ. ವಸಾ ಮದ್ದು ಬತ್ತದೆ. ಪೇಪರ್ನಾಗೆ ಬಂದದೆ.” ಅವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಮಡಿಕೆ ಇದ್ದಲ್ಲೆಲ್ಲ ಸವೆದಿತ್ತು. “ನಂಗೆ ಓದಾಕೆ ಬರಕಿಲ್ಲ. ಮೇಷ್ಟ್ರು ಓದಿ ಯೋಳವ್ರೆ.”

“ಆ ಫೋಟೋ ನೋಡಿ. ನನ್ನ ಮುಖ ನೋಡಿ.”

ಅವನು ನೋಡಿದ. ಮತ್ತೆ ನೋಡಿದ.

“ನೀವೇಯಾ?”

“ನಾನೇ. ಆ ಮದ್ದು ಇಲ್ಲ ಅಣ್ಣ. ಅದು ಇಲಿಯ ಮೈಯಲ್ಲಿ ಮೂರೇ ದಿನ ಉಳೀತು. ಮನುಷ್ಯರಿಗೆ ಇನ್ನೂ ಕೊಟ್ಟೇ ಇಲ್ಲ. ನೀವು ಕಾಯ್ತಾ ಇರೋದು ಸುಮ್ಮನೆ. ನನ್ನಿಂದ ನಿಮ್ಮ ಎರಡು ತಿಂಗಳು ಹಾಳಾಯ್ತು.”

ರಂಗಸ್ವಾಮಿ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯಿಂದ ಒತ್ತಿ ಸಪಾಟು ಮಾಡಿದ.

“ಅಂಗಾರೆ ನಂಗೆ ಮದ್ದೇ ಇಲ್ವಾ?”

“ಇದೆ. ಹಳೇದೇ. ಅದರಿಂದ ನಮ್ಮ ತಾಲ್ಲೂಕಿನಲ್ಲೇ ಎಷ್ಟೋ ಜನ ವಾಸಿಯಾಗಿದಾರೆ.”

“ಸೋಮವಾರ ಆಸ್ಪತ್ರೆಗೆ ಬಾ ರಂಗಸ್ವಾಮಿ” ಎಂದ ಸಿದ್ದರಾಜು. “ಕಫ ಪರೀಕ್ಷೆ ಮಾಡ್ಸಿ ಮತ್ತೆ ಶುರು ಮಾಡಾಣ. ನಾನೇ ಬಂದು ಕರ್ಕೊಂಡೋಗ್ತೀನಿ.”

ರಂಗಸ್ವಾಮಿ ಕಾಗದ ಮಡಚಿ ತಲೆಯಾಡಿಸಿದ. ಅವನು ಸೋಮವಾರ ಬಂದ. ಬಿಟ್ಟು ಬಿಟ್ಟು ತೆಗೆದುಕೊಂಡದ್ದರಿಂದ ಅವನಿಗೆ ಮುಂದೆ ಎಂಟು ತಿಂಗಳ ಚಿಕಿತ್ಸೆ ಬೇಕಾಯಿತು, ಎರಡು ತಿಂಗಳು ಇಂಜೆಕ್ಷನ್ ಕೂಡ. ಆದರೆ ಉಳಿದ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಎದುರುಬದುರು ಕೂತರು. ಕಾಫಿ ಬಂತು.

“ಝೆರಾಕ್ಸ್ ಮಾಡ್ಸೋ ಮುಂಚೆ ಒಂದ್ಮಾತು ಕೇಳಾಣ ಅಂತ ನಿಮ್ಮ ಕಾಲೇಜಿಗೆ ಹೋಗಿದ್ದೆ” ಎಂದ ಸಿದ್ದರಾಜು. “ನೀವಿರ್ಲಿಲ್ಲ. ನಿಮ್ಮ ಸರ್ ಸಿಕ್ಕಿದ್ರು. ಪೇಪರಿನವ್ರಿಗೆ ಹೇಳಿದ್ದು ನಾನು, ಆ ಹುಡುಗಿ ಅಲ್ಲ ಅಂದ್ರು. ಅವತ್ತೇ ಬರ್ಬೇಕಿತ್ತು ನಾನು. ಮುಖ ಇರ್ಲಿಲ್ಲ.”

“ಒಂದೂವರೆ ತಿಂಗಳು ಮುಖ ಇರಲಿಲ್ವಾ?”

“ಇರ್ಲಿಲ್ಲ.” ಲೋಟವನ್ನು ಸುಮ್ಮನೆ ತಿರುಗಿಸಿದ. “ನೀವಾದ್ರೂ ಅವತ್ತು ಯಾಕೆ ಹೇಳ್ಲಿಲ್ಲ?”

“ಮಾತು ನನ್ನದೇ ಆಗಿತ್ತಲ್ಲ. ಅದಕ್ಕೆ...” ಸಂಹಿತಾ ಕಾಫಿಯನ್ನು ಬದಿಗೆ ಸರಿಸಿದಳು. “ನೀವು ಹೊರಗಿನವ್ರು ಅಂದ್ರಿ. ಅದೊಂದು ಮಾತು ಬೇಡವಾಗಿತ್ತು.”

ಅವನು ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ.

“ಆ ಮಾತು ಆಡ್ದಾಗ್ಲೇ ನಂಗೆ ಗೊತ್ತಿತ್ತು, ಸುಳ್ಳು ಅಂತ. ನೀವು ಹೊರಗಿನವ್ರಾಗಿದ್ರೆ ನಂಗೆ ಅಷ್ಟು ನೋವೇ ಆಗ್ತಿರ್ಲಿಲ್ಲ.” ಸ್ವಲ್ಪ ತಡೆದ. “ಸಂಹಿತಾ... ನಂಗೆ ನೀವು ಬೇಕು. ಇಷ್ಟ ಅಂತನೋ, ಪ್ರೀತಿ ಅಂತನೋ, ಏನಂತ ಹೇಳ್ಬೇಕೋ ನಂಗೆ ಬರಲ್ಲ. ಶನಿವಾರ ಆಯ್ತು ಅಂದ್ರೆ ಜೀವ ನಿಲ್ತಿರ್ಲಿಲ್ಲ.”

ಪಕ್ಕದ ಮೇಜಿನಲ್ಲಿ ಯಾರೋ ಎರಡು ಇಡ್ಲಿಗೆ ಕೂಗಿದರು. ಸಂಹಿತಾ ಕಣ್ಣೊರೆಸಿಕೊಂಡಳು.

“ನನಗೂ” ಎಂದಳು. “ಯಾವತ್ತಿಂದ ಅಂತ ಕೇಳ್ಬೇಡಿ. ಬಟ್ಟೆ ಒಗೀತಾ ಇದ್ದೆ.”

ಅವನಿಗೆ ಅರ್ಥವಾಗಲಿಲ್ಲ. ಆದರೂ ನಕ್ಕ.

“ನಿಮ್ಮನೇಲಿ ಒಪ್ಪಲ್ಲ” ಎಂದ ಆಮೇಲೆ.

“ಸುಲಭಕ್ಕೆ ಒಪ್ಪಲ್ಲ.”

* * *

ಸುಲಭಕ್ಕೆ ಒಪ್ಪಲಿಲ್ಲ.

ಜನವರಿಯಲ್ಲಿ ದೊಡ್ಡಬೀರಯ್ಯನ ಕಫದಲ್ಲಿ ಕ್ರಿಮಿ ಇಲ್ಲವೆಂದು ವರದಿ ಬಂತು. ಆ ವಾರವೇ ಸಂಹಿತಾ ಅಪ್ಪನಿಗೆ ಸಿದ್ದರಾಜುವಿನ ವಿಷಯ ಹೇಳಿದಳು.

“ಹುಡುಗ ಏನು ಕೆಲಸ ಮಾಡ್ತಾನೆ?”

“ಜನ ಮಾತ್ರೆ ನುಂಗಿದ್ರಾ ಅಂತ ನೋಡ್ತಾರೆ ಅಪ್ಪ.”

“ಅಷ್ಟೇನಾ?”

“ಅಷ್ಟೇ.”

ಚನ್ನಕೇಶವಯ್ಯ ಎದ್ದು ಒಳಗೆ ಹೋದರು. ಆಮೇಲೆ ಹತ್ತು ತಿಂಗಳು ಆ ವಿಷಯ ಎತ್ತಲಿಲ್ಲ. ಅಮ್ಮ ಗೋದಮ್ಮ ಎರಡು ಸಲ ಅತ್ತಳು, ಒಂದು ಸಲ ಜಾತಕ ತರಿಸಿದಳು. ಸಂಹಿತಾ ಜಗಳವಾಡಲಿಲ್ಲ, ಮಾತು ಬದಲಿಸಲೂ ಇಲ್ಲ. ಥೀಸಿಸ್ ಮುಗಿಸಿದಳು. ಅದರಲ್ಲಿ ಮೂರು ದಿನ ಎಂದೇ ಇತ್ತು. ಬೆಂಗಳೂರಿನಿಂದ ಬಂದ ಪರೀಕ್ಷಕರು, “ಮಾತ್ರೆಗಿಂತ ಮೂರು ಪಟ್ಟು ಹೆಚ್ಚು ಕಾಲ. ಕಡಿಮೆಯೇನಲ್ಲ” ಎಂದು ಸಹಿ ಹಾಕಿದರು.

ನವೆಂಬರಿನಲ್ಲಿ ಒಂದು ದಿನ ಚನ್ನಕೇಶವಯ್ಯ ಯಾರಿಗೂ ಹೇಳದೆ ಬಸ್ಸು ಹತ್ತಿ ದೊಡ್ಡಬೀರಯ್ಯನ ಊರಿಗೆ ಹೋಗಿ ಬಂದರು. ಸಂಜೆ ಕೈಕಾಲು ತೊಳೆದು ಬಂದು ತೂಗುಮಣೆಯ ಮೇಲೆ ಕೂತರು.

“ಆ ಮುದುಕ ನನ್ನ ಮುಂದೆ ಎರಡು ಕುರಿ ಎತ್ತಿ ತೋರಿಸಿದ, ಎಷ್ಟು ಗಟ್ಟಿಯಾಗಿದೀನಿ ನೋಡಿ, ಆ ಹುಡುಗ ಬೆನ್ನು ಬೀಳದೇ ಇದ್ದಿದ್ರೆ ಹೋಗೇಬಿಡ್ತಿದ್ದೆ ಅಂತ” ಎಂದರು. ತೂಗುಮಣೆಯನ್ನು ಒಮ್ಮೆ ಕಾಲಿನಿಂದ ನೂಕಿ, “ನಿನ್ನ ಸಿದ್ದರಾಜುನ ಭಾನುವಾರ ಊಟಕ್ಕೆ ಕರಿ” ಎಂದರು.

ಮರುದಿನ ಬೆಳಿಗ್ಗೆ ಸಂಹಿತಾ ಆಸ್ಪತ್ರೆಗೆ ಹೋದಾಗ ಸಿದ್ದರಾಜು ಹಿಂಬದಿಯ ಕೊಠಡಿಯಲ್ಲಿ ಔಷಧದ ಪೆಟ್ಟಿಗೆಗಳ ಮೇಲೆ ರೋಗಿಗಳ ಹೆಸರು ಬರೆಯುತ್ತಿದ್ದ.

“ಭಾನುವಾರ ಅಪ್ಪ ಊಟಕ್ಕೆ ಬರೋಕೆ ಹೇಳಿದಾರೆ.”

ಅವನ ಕೈಯಿಂದ ಪೆನ್ನು ಬಿತ್ತು. ಹೆಕ್ಕಲಿಲ್ಲ.

“ನಿಜವಾಗ್ಲೂ?”

“ನಿಜವಾಗ್ಲೂ.”

“ನಾನೇನ್ ಮಾತಾಡ್ಬೇಕು ಅವ್ರ ಹತ್ರ? ನಂಗೆ ಸಂಸ್ಕೃತ ಗಿಂಸ್ಕೃತ ಏನೂ ಬರಲ್ಲ.”

“ಏನೂ ಮಾತಾಡ್ಬೇಡಿ. ಅಮ್ಮ ಎರಡನೇ ಸಲ ಹುಳಿ ಬಡಿಸೋಕೆ ಬರ್ತಾಳೆ. ಬೇಡ ಅನ್ಬೇಡಿ.”

“ಆಮೇಲೆ?”

ಸಂಹಿತಾ ಬಗ್ಗಿ ಪೆನ್ನು ಹೆಕ್ಕಿ ಅವನ ಕೈಗೆ ಕೊಟ್ಟಳು. ಕೊಟ್ಟ ಮೇಲೂ ಅವನ ಬೆರಳುಗಳನ್ನು ಬಿಡಲಿಲ್ಲ.

“ಆಮೇಲೆ ನಾನಿದೀನಲ್ಲ” ಎಂದಳು.